ಸಾಲ ವರದಿ: ಸದಸ್ಯರು ತಿಳಿದಿರಬೇಕಾದ ವಿಷಯ



ಬಾಗಲೂರಿನ ರೈತರೊಬ್ಬರು ಹಸು ಖರೀದಿಗೆ ಪಡೆದ ಸಾಲವನ್ನು ಪೂರ್ತಿ ತೀರಿಸಿದ್ದಾರೆ. ಆದರೂ ಅವರ ಹೊಸ ಅರ್ಜಿ ತಿರಸ್ಕೃತವಾಗಿದೆ ಎಂದು ಭಾವಿಸೋಣ. ಸಾಲ ವರದಿಯಲ್ಲಿ ಹಳೆಯ ಸಾಲ ಇನ್ನೂ ಬಾಕಿಯೆಂದೇ ದಾಖಲಾಗಿರಬಹುದು. ಅಥವಾ ಅವರು ಜಾಮೀನು ನಿಂತ ಬೇರೊಬ್ಬರ ಸಾಲ ಸುಸ್ತಿಯಾಗಿರಬಹುದು.

2005ರ ಕಾಯ್ದೆಯಡಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಹಾಗೂ ಕ್ರಿಫ್ ಹೈ ಮಾರ್ಕ್ ಸಂಸ್ಥೆಗಳು ಮರುಪಾವತಿಯ ವಿವರವನ್ನು ದಾಖಲಿಸಿ, 300ರಿಂದ 900ರವರೆಗೆ ಅಂಕ ನೀಡುತ್ತವೆ.

ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತಪ್ಪಿದ್ದಲ್ಲಿ ಬೇಬಾಕಿ ಪತ್ರದೊಂದಿಗೆ ಬ್ಯಾಂಕಿಗೆ ಅಥವಾ ಆ ಸಂಸ್ಥೆಗೆ ದೂರು ಸಲ್ಲಿಸಬೇಕು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ದೂರುದಾರರಿಗೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು.

ಈ ಹಕ್ಕನ್ನು ಮುಂದಿನ ಗ್ರಾಮಸಭೆಯಲ್ಲಿ ತಿಳಿಯಪಡಿಸಲು ಕೋರಿದೆ.