ಎರಡು ಸೆಕೆಂಡಿಗೆ ಎದೆಗುಂದಬೇಡಿ

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಸಕ್ಕರೆ ಕಾಯಿಲೆಯಿಂದ ಗಾಯ ಮಾಯದೆ ಕಳೆದ ವರ್ಷ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಈಗ ಕೃತಕ ಕಾಲು ಹಾಕಿಕೊಂಡು, ಕೋಲು ಹಿಡಿದು ನಡೆಯುತ್ತಾರೆ. ಫಿಸಿಯೋಥೆರಪಿಯವರು ಕುರ್ಚಿಯಿಂದ ಎಬ್ಬಿಸಿ, ನಡೆಸಿ, ಗಡಿಯಾರ ನೋಡುತ್ತಾರೆ. ಹೋದ ತಿಂಗಳು 22 ಸೆಕೆಂಡ್ ಇದ್ದದ್ದು ಈ ಸಲ 24 ಆಯಿತು. ‘ನನ್ನ ಕೈಲಿ ಇಷ್ಟೇ ಆಗೋದು’ ಅಂತ ಅಪ್ಪ ಅಭ್ಯಾಸವನ್ನೇ ಬಿಟ್ಟಿದ್ದಾರೆ. ಏನು ಮಾಡಲಿ?
– ಓದುಗಾರ್ತಿ, ಹಾಸನ

ಉತ್ತರ: ನಡಿಗೆ ಕೆಟ್ಟಿತು ಎನ್ನಲು ಎರಡು ಸೆಕೆಂಡ್ ಸಾಲದು. ಇದನ್ನು ತಂದೆಯವರಿಗೆ ಇವತ್ತೇ ಹೇಳಿ.

ಆ ಪರೀಕ್ಷೆಯ ಹೆಸರು ‘ಟೈಮ್ಡ್ ಅಪ್ ಅಂಡ್ ಗೋ’. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕೆಂದು ಅದು ಅಳೆಯುತ್ತದೆ. ಕೃತಕ ಕಾಲಿನವರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ವ್ಯತ್ಯಾಸ ಸುಮಾರು 3.6 ಸೆಕೆಂಡನ್ನು ದಾಟಿದರೆ ಮಾತ್ರ ಅದನ್ನು ನಿಜವಾದ ಬದಲಾವಣೆ ಎನ್ನಬಹುದು. ಕುರ್ಚಿಯ ಎತ್ತರ, ಚಪ್ಪಲಿ, ಆ ದಿನದ ಆಯಾಸ ಯಾವುದರಿಂದಲೂ ಒಂದೆರಡು ಸೆಕೆಂಡ್ ಆಚೀಚೆ ಆಗುತ್ತದೆ. ಪ್ರತಿ ಸಲವೂ ಅದೇ ಕುರ್ಚಿ, ಅದೇ ಪಾದರಕ್ಷೆ, ಅದೇ ಕೋಲು ಇರಲಿ.

ಹಾಗೆಂದು 24ನ್ನು ಕಡೆಗಣಿಸುವಂತಿಲ್ಲ. ಮಂಡಿಯ ಕೆಳಗೆ ಕಾಲು ತೆಗೆದವರಲ್ಲಿ 19 ಸೆಕೆಂಡ್ ಅಥವಾ ಹೆಚ್ಚು ತೆಗೆದುಕೊಳ್ಳುವವರು ಪದೇ ಪದೇ ಬೀಳುವ ಸಂಭವ ಜಾಸ್ತಿ ಎಂದು 2007ರ ಅಧ್ಯಯನವೊಂದು ಕಂಡುಕೊಂಡಿತು. ಆದ್ದರಿಂದ ಸಮತೋಲನದ ವ್ಯಾಯಾಮ ನಿಲ್ಲಿಸಲು ಇದು ಸಮಯವಲ್ಲ.

ಕೃತಕ ಕಾಲಿನ ಸಾಕೆಟ್ (ಮೊಂಡುಗಾಲು ಕೂರುವ ಬಟ್ಟಲಿನಂಥ ಭಾಗ) ಸಡಿಲವಾಗಿದೆಯೇ ಎಂದೂ ನೋಡಿಸಿ. ಮೊಂಡುಗಾಲು ಮೊದಲ ವರ್ಷದಲ್ಲಿ ಬತ್ತುತ್ತಾ ಹೋಗುತ್ತದೆ. ಆಗ ಕಾಲುಚೀಲದ ಪದರ ಹೆಚ್ಚಿಸಬೇಕು, ಇಲ್ಲವೇ ಸಾಕೆಟ್ ಬದಲಿಸಬೇಕು. ಸಡಿಲವಾದ ಸಾಕೆಟ್ಟಿನಲ್ಲಿ ಯಾರ ನಡಿಗೆಯೂ ನಿಧಾನವೇ. ಕೃತಕ ಕಾಲು ಬಿಚ್ಚಿದ ಮೇಲೂ ಚರ್ಮದ ಕೆಂಪು ಬೇಗ ಇಳಿಯದಿದ್ದರೆ, ಗುಳ್ಳೆ ಎದ್ದಿದ್ದರೆ ಅದನ್ನು ಹಾಕುವುದನ್ನು ನಿಲ್ಲಿಸಿ, ಕೂಡಲೇ ತೋರಿಸಿ. ಎಡಪಾದವನ್ನೂ ದಿನಾ ಪರೀಕ್ಷಿಸಿ. ಸಕ್ಕರೆ ಕಾಯಿಲೆ ಅದನ್ನೂ ಬಿಡುವುದಿಲ್ಲ.

ಒಂದೇ ಅಳತೆಗೆ ಜೋತುಬೀಳಬೇಡಿ. ಎರಡು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂಬುದನ್ನೂ ಬರೆದಿಡಲು ಫಿಸಿಯೋಥೆರಪಿಯವರನ್ನು ಕೇಳಿ. ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗಿಬರುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಗದ್ದೆಯ ಬದುವಿನಲ್ಲಿ ನಡೆಯುವುದು – ತಂದೆಯವರಿಗೆ ಯಾವುದು ಮುಖ್ಯವೋ ಅದನ್ನು ಅವರ ಬಾಯಲ್ಲೇ ಹೇಳಿಸಿ. ಅಭ್ಯಾಸದ ಗುರಿ ಅದೇ ಆಗಲಿ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಒಬ್ಬರು ಪಕ್ಕದಲ್ಲೇ ಇರಿ. ಮುಂದಿನ ಭೇಟಿಯನ್ನು ಮಾತ್ರ ತಪ್ಪಿಸಬೇಡಿ.