ಮೀಂಡ್ ಇರುವುದು ಎಡಗೈಯಲ್ಲಿ: ಮಿಡಿ ಕಂಟ್ರೋಲರ್ ಮೊದಲ ಪಾಠ

ಪುಣೆಯ ಕನ್ನಡಿಗರಿಗೆ ಮೀಂಡ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ರೋಣದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುಮಾಡಿದ ಉತ್ಸವದಲ್ಲಿ ಒಂದು ಸಂಜೆ ಕೂತರೆ ಸಾಕು. ಸ್ವರದಿಂದ ಸ್ವರಕ್ಕೆ ಜಾರುವ ಆ ಗುಣ ಕೀಬೋರ್ಡಿಗೆ ಒಗ್ಗದು ಎಂಬುದು ಹಳೆಯ ದೂರು. ಇಂಥದೇ ದೂರಿನ ಮೇಲೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಆದರೆ ಕೀಬೋರ್ಡಿನಂತೆಯೇ ಇರುವ ಮಿಡಿ ಕಂಟ್ರೋಲರಿನಲ್ಲಿ ಮೀಂಡ್ ಖಂಡಿತ ಬರುತ್ತದೆ. 25 ಕೀಗಳ ಸಣ್ಣದೊಂದು ಸಾಕು. ಎಡಬದಿಗೆ ಪಿಚ್ ವೀಲ್, ಮಾಡ್ ವೀಲ್ ಇವೆಯೇ ಎಂದು ಮಾತ್ರ ನೋಡಿಕೊಳ್ಳಿ.

1. ಯುಎಸ್‌ಬಿ ಕೇಬಲ್‌ನಿಂದ ಕಂಟ್ರೋಲರನ್ನು ಲ್ಯಾಪ್‌ಟಾಪಿಗೆ ಜೋಡಿಸಿ. ಸದ್ದು ಬರಲಿಲ್ಲವೇ? ಭಯಪಡಬೇಡಿ, ಅದಕ್ಕೆ ಸ್ವಂತ ದನಿಯಿಲ್ಲ. ಯಾವ ಕೀ, ಎಷ್ಟು ಜೋರು ಎಂಬ ಸುದ್ದಿಯನ್ನಷ್ಟೇ ಅದು ಕಳಿಸುತ್ತದೆ. ಲ್ಯಾಪ್‌ಟಾಪ್ ಅದನ್ನು ಗುರುತಿಸದಿದ್ದರೆ ಕೇಬಲ್ ಬದಲಿಸಿ ನೋಡಿ. ಕೆಲವು ಕೇಬಲ್‌ಗಳು ಬರೀ ಚಾರ್ಜಿಂಗ್‌ಗೆ ಇರುತ್ತವೆ.

2. ರೀಪರ್, ಏಬಲ್ಟನ್ ಲೈವ್ ಲೈಟ್, ಹೀಗೆ ಒಂದು ಸಾಫ್ಟ್‌ವೇರ್ ತೆರೆಯಿರಿ. ಪ್ರಿಫರೆನ್ಸಸ್‌ನಲ್ಲಿ ಮಿಡಿ ಇನ್‌ಪುಟ್ ಆನ್ ಮಾಡಿ. ದನಿ ಹುಟ್ಟಿಸಲು ಟ್ರ್ಯಾಕಿಗೆ ವೈಟಲ್ ಎಂಬ ಉಚಿತ ಸಿಂಥ್ ಹಾಕಿ, ಆ ಟ್ರ್ಯಾಕಿನ ರೆಕಾರ್ಡ್ ಗುಂಡಿ ಒತ್ತಿಡಿ. ಕೀ ಒತ್ತಿದ ಮೇಲೆ ದನಿ ತಡವಾಗಿ ಬಂದರೆ ಬಫರ್ ಸೈಜನ್ನು 128ಕ್ಕೆ ಇಳಿಸಿ.

3. ಒಂದೇ ಕೀಯನ್ನು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಒತ್ತಿ. ಒತ್ತಿದ ಈ ಜೋರೇ ವೆಲಾಸಿಟಿ, 127ರವರೆಗೆ ಹೋಗುತ್ತದೆ. ಹೊಸಬರು ಎಲ್ಲ ಸ್ವರವನ್ನೂ ಗುದ್ದುತ್ತಾರೆ. ಬೇಡ.

4. ಈಗ ಮಾಡ್ ವೀಲ್. ದನಿಯ ಹೊಳಪನ್ನು ಹೆಚ್ಚು ಕಡಿಮೆ ಮಾಡುವ ಸಿಂಥಿನ ಫಿಲ್ಟರ್ ಕಟಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಮಿಡಿ ಲರ್ನ್ ಆರಿಸಿ, ವೀಲ್ ಅಲ್ಲಾಡಿಸಿ. ಹಾರ್ಮೋನಿಯಂ ನುಡಿಸುವವರ ಎಡಗೈ ತಿದಿ ಒತ್ತುವ ಹಾಗೆ, ಇಲ್ಲೂ ಸ್ವರಕ್ಕೆ ಉಸಿರು ತುಂಬುವುದು ಎಡಗೈ. ಸ್ವರ ಹಿಡಿದಿರುವಾಗಲೇ ನಿಧಾನ ಮೇಲೇರಿಸಿ, ಇಳಿಸಿ.

5. ಇನ್ನು ಮೀಂಡ್. ಸಿಂಥಿನಲ್ಲಿ ಪಿಚ್ ಬೆಂಡ್ ರೇಂಜ್ 2 ಇರಲಿ, ಅಂದರೆ ಎರಡು ಸೆಮಿಟೋನ್. ಸಿ ಕೀಯನ್ನು ಷಡ್ಜವೆಂದುಕೊಳ್ಳಿ. ಭೂಪ್ ರಾಗದ ಗಾಂಧಾರ ಆಗ ಇ ಕೀ. ಅದನ್ನು ಒತ್ತಿ ಹಿಡಿದು ಪಿಚ್ ವೀಲನ್ನು ಪೂರ್ತಿ ಕೆಳಕ್ಕೆ ಎಳೆಯಿರಿ. ಸರಿಯಾಗಿ ರಿಷಭಕ್ಕೆ ಬಂದು ನಿಲ್ಲುತ್ತೀರಿ. ನಾಬ್‌ಗಳಿಗೆ ಸಾಮಾನ್ಯವಾಗಿ 128 ಮೆಟ್ಟಿಲಾದರೆ ಮಿಡಿ ನಿಯಮದಲ್ಲಿ ಪಿಚ್ ಬೆಂಡಿಗೆ 16,384. ಅದಕ್ಕೇ ಜಾರು ಇಷ್ಟು ನುಣುಪು.

ಎಡವುವುದು ಇಲ್ಲೇ. ವೀಲ್‌ಗೆ ಸ್ಪ್ರಿಂಗ್ ಇದೆ, ಬಿಟ್ಟ ತಕ್ಷಣ ನಡುವಿಗೆ ಚಿಮ್ಮುತ್ತದೆ, ಸ್ವರವೂ ಗಾಂಧಾರಕ್ಕೆ ನೆಗೆಯುತ್ತದೆ. ಮೊದಲು ಕೀ ಬಿಡಿ, ಆಮೇಲೆ ವೀಲ್. ಆಗಲೂ ಸ್ವರದ ಬಾಲ ಕೊಂಕಿದರೆ ಸಿಂಥಿನ ರಿಲೀಸ್, ಅಂದರೆ ಕೀ ಬಿಟ್ಟ ಮೇಲೂ ದನಿ ಉಳಿಯುವ ಹೊತ್ತು, ಕಡಿಮೆ ಮಾಡಿ. ಪಂಚಮದಿಂದ ಗಾಂಧಾರಕ್ಕೆ ಜಾರಲು ರೇಂಜ್ 3 ಬೇಕು. ಹಾಗೆಂದು ಒಮ್ಮೆಗೇ 12ಕ್ಕೆ ಏರಿಸಬೇಡಿ, ಬೆರಳು ಚೂರು ಅಲುಗಿದರೂ ಸ್ವರ ತಪ್ಪುತ್ತದೆ. ಮೊದಲು ಬಾಯಲ್ಲಿ ಹಾಡಿಕೊಳ್ಳಿ, ಅದೇ ವೇಗದಲ್ಲಿ ವೀಲ್ ಎಳೆಯಿರಿ.

6. ರೆಕಾರ್ಡ್ ಮಾಡಿ. ಒಂದೇ ಸಲಕ್ಕೆ ಎಲ್ಲ ಬೇಕೆಂದಿಲ್ಲ: ಮೊದಲು ಸ್ವರ ಮತ್ತು ಮೀಂಡ್, ಆಮೇಲೆ ಅದರ ಮೇಲೆಯೇ ಓವರ್‌ಡಬ್‌ನಲ್ಲಿ ಮಾಡ್ ವೀಲ್. ಸ್ವರಗಳನ್ನು ತಾಳಕ್ಕೆ ಸರಿಸಿ ಕೂರಿಸುವ ಕ್ವಾಂಟೈಸ್ ಗುಂಡಿಯ ತಂಟೆಗೆ ಹೋಗಬೇಡಿ. ಸ್ವರ ಜರುಗಿ ಬೆಂಡ್ ಅಲ್ಲೇ ಉಳಿದರೆ ಮೀಂಡ್ ಕೆಟ್ಟಿತು.

ಎರಡು ಕೀ ಒಟ್ಟಿಗೆ ಹಿಡಿದರೆ ವೀಲ್ ಎರಡನ್ನೂ ಎಳೆಯುತ್ತದೆ. ಒಂದೊಂದು ಬೆರಳಿಗೂ ಬೇರೆ ಬೇರೆ ಜಾರು ಕೊಡುವ ಎಂಪಿಇ ಪದ್ಧತಿ 2018ರಲ್ಲಿ ಅಧಿಕೃತವಾಯಿತು; ರೋಲಿ ಸೀಬೋರ್ಡ್‌ನಂಥ ವಾದ್ಯಗಳು ಅದಕ್ಕೇ ಇರುವುದು. ಬೆಲೆ ಜಾಸ್ತಿ. ಭೂಪ್‌ನ ಗಾಂಧಾರ ಈ ಸಣ್ಣ ವೀಲ್‌ನಲ್ಲೇ ಸಲೀಸಾಗಿ ಇಳಿಯುವವರೆಗೆ ಅದನ್ನು ಕೊಳ್ಳಬೇಡಿ.