ಹತ್ತನೆಯ ತರಗತಿಯ ಪ್ರಮಾಣಪತ್ರ: ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಗೆ ಇರುವ ದಾರಿಗಳು

ಗಡಿನಾಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿ ಹೊರುವ ಭಾಷೆಗಳ ಹೊರೆ ಸಣ್ಣದಲ್ಲ. ಕಾಸರಗೋಡಿನಲ್ಲಿ ಮನೆಯ ಮಾತು ತುಳುವೋ ಹವ್ಯಕವೋ ಆಗಿರಬಹುದು, ಕಲಿಕೆ ಕನ್ನಡದಲ್ಲಿ, ಜೊತೆಗೆ ಇಂಗ್ಲಿಷ್, ಹಿಂದಿ, ರಾಜ್ಯಭಾಷೆಯಾದ ಮಲಯಾಳ. ಆದುದರಿಂದ ಓದುಬರಹದಲ್ಲಿ ಹಿಂದುಳಿದ ಮಗುವಿಗೆ ಪರ್ಯಾಯ ಪರೀಕ್ಷೆಯನ್ನು ಸೂಚಿಸುವ ಮೊದಲು ತೊಡಕು ಎಲ್ಲಿದೆ ಎಂಬುದನ್ನು ಶಿಕ್ಷಕರು ಅರಿಯಬೇಕು. ಮಲಯಾಳದಲ್ಲಿ ಮಾತ್ರ ತಡವರಿಸುವ ಮಗುವಿಗೆ ಬೇಕಾದುದು ಅಭ್ಯಾಸ. ಕನ್ನಡದಲ್ಲಿ ಬಾಯ್ದೆರೆಯಾಗಿ ಸರಾಗವಾಗಿ ಉತ್ತರಿಸುವ ಮಗು ಅದನ್ನೇ ಬರೆಯಲಾರದೆ, ಒತ್ತಕ್ಷರಗಳನ್ನು ಬಿಟ್ಟು, ಗುಣಿತಾಕ್ಷರಗಳನ್ನು ಅದಲುಬದಲು ಮಾಡುತ್ತಲೇ ಇದ್ದರೆ ಕಲಿಕಾ ನ್ಯೂನತೆಯನ್ನು ಶಂಕಿಸಬಹುದು. ನಿರ್ಣಯ ತಜ್ಞರದು. ಆದರೆ ತಜ್ಞರಿಗೆ ಕನ್ನಡ ಬಾರದಿದ್ದರೆ, ಪರಭಾಷೆಯಲ್ಲಿ ನಡೆದ ಪರೀಕ್ಷೆ ಮಗುವಿನ ಭಾಷಾ ಅಪರಿಚಯವನ್ನೇ ನ್ಯೂನತೆಯೆಂದು ಬರೆದೀತು. ಮಗುವಿನ ಕನ್ನಡ ಬರಹದ ಪುಸ್ತಕಗಳನ್ನೂ ತರಗತಿಯ ಟಿಪ್ಪಣಿಗಳನ್ನೂ ಜೊತೆಗೆ ಕಳುಹಿಸುವುದು ಅಗತ್ಯ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸುವ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಅದರ 17ನೆಯ ಪ್ರಕರಣವು ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಹೆಸರಿಸುತ್ತದೆ. ಎಷ್ಟೋ ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ; ಸಾಮಾನ್ಯ ಪರೀಕ್ಷೆಯನ್ನೇ ಬರೆಯುತ್ತಾರೆ. ಯಾವ ಭಾಷೆಗೆ ವಿನಾಯಿತಿ ಕೇಳಲಾಗಿದೆ ಎಂಬುದನ್ನು ಮಾತ್ರ ಪೋಷಕರಿಗೆ ಓದಿಹೇಳಬೇಕು. ಮಗು ಚೆನ್ನಾಗಿ ಬಲ್ಲ ಭಾಷೆಯೇ ಕೈಬಿಟ್ಟುಹೋದರೆ ಸೌಲಭ್ಯವೇ ತೊಡಕಾಗುತ್ತದೆ.

ಇದು ಸಾಲದಿದ್ದಾಗ 1989ರಲ್ಲಿ ಸ್ಥಾಪನೆಯಾದ, ಇಂದು ಎನ್‌ಐಒಎಸ್ ಎಂದು ಪರಿಚಿತವಾಗಿರುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮಾಧ್ಯಮಿಕ ಪರೀಕ್ಷೆಯಿದೆ. 14 ವರ್ಷ ತುಂಬಿದವರು ಸೇರಬಹುದು. ಉತ್ತೀರ್ಣರಾಗಲು ಐದು ವಿಷಯಗಳು ಬೇಕು. ಅವುಗಳಲ್ಲಿ ಒಂದಾದರೂ ಭಾಷೆಯಾಗಿರಬೇಕು. ನೋಂದಣಿಯ ಅವಧಿ 5 ವರ್ಷ, ಅವಕಾಶಗಳು 9. ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಒಮ್ಮೆ ತೇರ್ಗಡೆಯಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲವಾದುದರಿಂದ, ಒಂದೇ ವಾರದಲ್ಲಿ ಎಲ್ಲವನ್ನೂ ಎದುರಿಸಲಾರದ ಮಗು ಒಂದೆರಡು ವಿಷಯಗಳನ್ನಷ್ಟೇ ಹಿಡಿದು ಮುಂದುವರಿಯಬಹುದು. ಗೃಹವಿಜ್ಞಾನ, ಚಿತ್ರಕಲೆಗಳನ್ನೂ ಆರಿಸಿಕೊಳ್ಳಲು ಅವಕಾಶವಿದೆ. 2021ರಲ್ಲಿ ಭಾರತೀಯ ಸಂಜ್ಞಾಭಾಷೆಯೂ ವಿಷಯವಾಗಿ ಸೇರಿತು. ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಉಳಿದ ವಿಷಯಗಳ ಪಠ್ಯವೂ ಪ್ರಶ್ನಪತ್ರಿಕೆಯೂ ಕನ್ನಡದಲ್ಲಿ ದೊರೆಯುವುವೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಅಧ್ಯಯನ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಬೇಕು. ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗುವನ್ನು ಈ ಘಟ್ಟದಲ್ಲಿ ಬೇರೆ ಮಾಧ್ಯಮಕ್ಕೆ ದಾಟಿಸಿದರೆ ಹೊರೆ ಇಳಿದಂತಾಗುವುದಿಲ್ಲ.

ಅಹಿತವಾದರೂ ಇಲ್ಲಿ ಹೇಳಬೇಕಾದ ಮಾತೊಂದಿದೆ. ಶೇಕಡಾ ನೂರು ಫಲಿತಾಂಶದ ಆಸೆಗೆ ಹತ್ತನೆಯ ತರಗತಿಯ ನಡುವೆ ಮಗುವನ್ನು ಮುಕ್ತ ಶಾಲೆಯತ್ತ ನೂಕುವುದು ಪರ್ಯಾಯವಲ್ಲ, ಹೊರದೂಡುವಿಕೆ. ನಿಗದಿತ ಪ್ರಮಾಣದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದೇ ಅಧಿನಿಯಮದ 31ನೆಯ ಪ್ರಕರಣ ನೀಡಿದೆ. ಒಂಬತ್ತನೆಯ ತರಗತಿಯ ಆರಂಭದಲ್ಲೇ ಪೋಷಕರನ್ನು ಕರೆಸಿ, ಎರಡೂ ದಾರಿಗಳನ್ನು ಅವರ ಮನೆಮಾತಿನಲ್ಲಿ ವಿವರಿಸಿ, ಆಯ್ಕೆಯನ್ನು ಅವರಿಗೂ ಮಗುವಿಗೂ ಬಿಡತಕ್ಕದ್ದು.